ಗೋದ್ರೆಜ್ ಕಪಾಟಿನೊಳಗಿನ ಕಾಗದ

ನಮ್ಮ ಊರ ಕಡೆ ಕಬ್ಬಿಣದ ಕಪಾಟಿಗೆ ಕಪಾಟು ಎನ್ನುವವರು ಕಡಿಮೆ. ‘ಗೋದ್ರೆಜಿನಲ್ಲಿ ಇಟ್ಟಿದ್ದೇನೆ’ ಎನ್ನುತ್ತಾರೆ. ಅದು ಮುಂಬಯಿಯ ಆ ಕಂಪೆನಿಯದೇ ಆಗಿರಬೇಕೆಂದೇನೂ ಇಲ್ಲ. ಪೇಟೆಯ ವೆಲ್ಡಿಂಗ್ ಶಾಪಿನವನು ತಗಡು ಬಗ್ಗಿಸಿ ಹಸಿರು ಬಣ್ಣ ಬಳಿದು ಕೊಟ್ಟದ್ದಾದರೂ ಮನೆಯೊಳಗೆ ಬಂದ ಮೇಲೆ ಗೋದ್ರೆಜೇ. ಮೇಲಿನ ಖಾನೆಯಲ್ಲಿ ಮದುವೆಯ ಸೀರೆ, ನಡುವೆ ಇನ್ನೊಂದು ಬೀಗವಿರುವ ಗೂಡು, ಅದರೊಳಗೆ ಬಂಗಾರದ ಡಬ್ಬಿ, ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಜಾಗದ ಕಾಗದ. ಆ ಚೀಲ ಹೊರಗೆ ಬಂತೆಂದರೆ ಮನೆಯಲ್ಲಿ ಒಂದೋ ಪಾಲಾಗುತ್ತಿದೆ, ಇಲ್ಲವೇ ಸಾಲ ಆಗುತ್ತಿದೆ ಎಂದು ತಿಳಿಯಬೇಕು.

ಇಡೀ ದೇಶದ ಜಾಗದ ಕಾಗದಗಳಿಗೆ ಗೂಡು ಮಾಡಿಕೊಟ್ಟ ಕಂಪೆನಿಯ ಸ್ವಂತ ಜಾಗದ ಕಾಗದ ಹೇಗಿದೆ? ಈ ಪ್ರಶ್ನೆ ತಲೆಗೆ ಹೊಕ್ಕದ್ದು ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ. ಘಾಟ್ಕೋಪರ್ ದಾಟಿದರೆ ವಿಕ್ರೋಲಿ. ಅಲ್ಲಿಂದ ಪೂರ್ವಕ್ಕೆ ಪಿರೋಜ್‌ಷಾ ನಗರದ ಕಾರ್ಖಾನೆಗಳು, ಅದರಾಚೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಹೈವೇ ಆಚೆ ಥಾಣೆ ಖಾರಿಯ ತನಕ ಕಾಂಡ್ಲಾ ಕಾಡು. 1951-52ರ ಮೊದಲ ಮಹಾಚುನಾವಣೆಗೆ 12 ಲಕ್ಷಕ್ಕೂ ಮಿಕ್ಕಿ ಮತಪೆಟ್ಟಿಗೆಗಳು ತಯಾರಾಗಿ ಹೋದದ್ದು ಇಲ್ಲಿಂದಲೇ. ಮುಂಬಯಿಯಲ್ಲಿ ಗೋದ್ರೆಜ್ ಕಂಪೆನಿಯ ಹೆಸರಿನಲ್ಲಿ ಸುಮಾರು 3,400 ಎಕರೆ ಇದೆಯೆಂದು ಪತ್ರಿಕೆಗಳು ವರ್ಷಗಳಿಂದ ಬರೆಯುತ್ತಿವೆ. ಅದರಲ್ಲಿ ಹೆಚ್ಚಿನ ಪಾಲು ವಿಕ್ರೋಲಿಯದು. ಲೆಕ್ಕಕ್ಕೆ ಹೇಳುವುದಾದರೆ, ಕೊಲಾಬಾದಿಂದ ಮಾಹಿಮ್, ಸಯನ್ ತನಕದ ಹಳೆ ಮುಂಬಯಿಯ ವಿಸ್ತಾರ ಸುಮಾರು 68 ಚದರ ಕಿಲೋಮೀಟರ್. 3,400 ಎಕರೆಯೆಂದರೆ ಹೆಚ್ಚುಕಡಿಮೆ 14. ಒಂದು ಖೋಲಿಗಾಗಿ ಇಡೀ ಆಯುಷ್ಯ ದುಡಿಯುವ ಊರಿನಲ್ಲಿ ಹಳೆಯ ನಗರದ ಐದನೆಯ ಒಂದು ಪಾಲಿನಷ್ಟು ನೆಲ!

ಇಷ್ಟು ನೆಲ ಒಂದು ಮನೆತನಕ್ಕೆ ಹೇಗೆ ಬಂತು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಬಂದದ್ದು ಹೇಗಾದರೂ ಇರಲಿ, ಅದು ತಮ್ಮದೆಂದು ಹೇಳಲು ಅವರು ಯಾವ ಯಾವ ಕಾಗದ ತೋರಿಸಬೇಕಾಯಿತು ಎಂಬುದು ನನ್ನ ಕುತೂಹಲ. ಈ ಕತೆಯಲ್ಲಿ ಹೆಚ್ಚಿನದೆಲ್ಲ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. ಕೋರ್ಟಿಗೆ ಹೋದವರ ಜಾಗದ ಚರಿತ್ರೆಯಷ್ಟು ಸ್ಪಷ್ಟವಾಗಿ ಮನೆಯಲ್ಲಿ ಕೂತವರ ಜಾಗದ ಚರಿತ್ರೆ ಎಲ್ಲೂ ಸಿಗುವುದಿಲ್ಲ.

ಮೊದಲ ಕಾಗದ 1835ರದು. ಅದರ ಹೆಸರು ಕೌಲು. ಕನ್ನಡಿಗರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೌಲುಪತ್ರ, ಕೌಲುದಾರ ಎಂಬವೆಲ್ಲ ನಮ್ಮ ಹಳೆಯ ಕಡತಗಳಲ್ಲೂ ಇವೆ. ಮರಾಠರಿಂದ ಸಾಷ್ಟಿ ದ್ವೀಪವನ್ನು ಕಸಿದುಕೊಂಡ ಈಸ್ಟ್ ಇಂಡಿಯಾ ಕಂಪೆನಿಗೆ ಅಲ್ಲಿ ಸಿಕ್ಕಿದ್ದು ಕಾಡು, ಗುಡ್ಡ, ಉಪ್ಪುನೀರು ನುಗ್ಗುವ ಬಯಲು. ಪಕ್ಕದ ಮುಂಬಯಿಗೆ ಅಕ್ಕಿ ಬೇಕಿತ್ತು. ಆದ್ದರಿಂದ ಹಣವಿದ್ದ ಪಾರ್ಸಿ ವರ್ತಕರನ್ನು ಕರೆದು, ಹಳ್ಳಿಹಳ್ಳಿಗಳನ್ನೇ ಶಾಶ್ವತ ಗೇಣಿಗೆ ಬರೆದುಕೊಟ್ಟಿತು. ಬೈರಾಮ್‌ಜೀ ಜೀಜೀಭಾಯ್‌ಗೆ 1830ರಲ್ಲಿ ಪಶ್ಚಿಮದ ಏಳು ಹಳ್ಳಿಗಳು, ವಾಡಿಯಾ ಮನೆತನಕ್ಕೆ ಕುರ್ಲಾ, ಫ್ರಾಮ್‌ಜೀ ಕಾವಸ್‌ಜೀ ಬನಾಜಿಗೆ ಪವಾಯಿ, ವಿಕ್ರೋಲಿಯ ಸೀಮೆ. ಬನಾಜಿ ಪವಾಯಿಯಲ್ಲಿ ಕಬ್ಬು ಹಾಕಿದ, ನೀಲಿ ಬೆಳೆದ, ರೇಷ್ಮೆಗೂ ಕೈ ಹಾಕಿದ. ತನ್ನ ತೋಟದ ಮಾವಿನಹಣ್ಣನ್ನು ವಿಕ್ಟೋರಿಯಾ ರಾಣಿಗೆ ಹಡಗಿನಲ್ಲಿ ಕಳಿಸಿದ್ದನೆಂದೂ ಹೇಳುತ್ತಾರೆ. ಹಣ್ಣು ಲಂಡನ್ ಮುಟ್ಟುವಾಗ ಯಾವ ಸ್ಥಿತಿಯಲ್ಲಿತ್ತೋ!

ದಕ್ಷಿಣ ಕನ್ನಡ, ಉಡುಪಿಯಿಂದ ಬಂದವರಿಗೆ ಈ ಕೌಲು ಅರ್ಥವಾಗಲು ಮೂಲಗೇಣಿಯನ್ನು ನೆನೆದರೆ ಸಾಕು. ನೆಲ ಒಡೆಯನದು, ಅನುಭವ ಗೇಣಿದಾರನದು, ಗೇಣಿ ಸಲ್ಲಿಸುವಷ್ಟು ಕಾಲ ಎಬ್ಬಿಸುವ ಹಾಗಿಲ್ಲ. ನೂರು ವರ್ಷ ಕಳೆದ ಮೇಲೆ ಯಾರು ಒಡೆಯ, ಯಾರು ಗೇಣಿದಾರ ಎಂಬುದೇ ಮರೆತುಹೋಗುತ್ತದೆ; ನೆನಪಾಗುವುದು ಬೆಲೆ ಏರಿದ ದಿನ. ಕುಮ್ಕಿಯ ಜಗಳವೂ ಹಾಗೇ ತಾನೇ. ವರ್ಗದ ಗದ್ದೆಯ ಪಕ್ಕದ ಗುಡ್ಡ ಸೊಪ್ಪಿಗೆ, ಸೌದೆಗೆ ಬಳಕೆಯಾಗುವಷ್ಟು ದಿನ ಯಾರ ತಕರಾರೂ ಇರಲಿಲ್ಲ. ರಬ್ಬರ್ ಬಂತು, ಕೆಂಪುಕಲ್ಲಿನ ಕೋರೆ ಬಂತು, ಆಗ ‘ಇದು ಸರ್ಕಾರಿ’ ಎಂಬ ಬೋರ್ಡೂ ಬಂತು.

ವಿಕ್ರೋಲಿಯ ಬೆಲೆ ಏರಲು ನೂರು ವರ್ಷ ಹಿಡಿಯಿತು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೀಗದ ಕಾರ್ಖಾನೆ ಆರಂಭಿಸಿದಾಗ ಅದು ಇದ್ದದ್ದು ಲಾಲ್‌ಬಾಗ್‌ನಲ್ಲಿ. ಅವರ ತಮ್ಮ ಪಿರೋಜ್‌ಷಾ 1940ರ ದಶಕದ ಆರಂಭದಲ್ಲಿ ವಿಕ್ರೋಲಿಯ ಕಡೆ ಕಣ್ಣು ಹಾಯಿಸಿದಾಗ ಆ ಊರು ಮುಂಬಯಿಯ ಒಳಗೇ ಇರಲಿಲ್ಲ. ನಗರಪಾಲಿಕೆಯ ಗಡಿ ಅಲ್ಲಿಗೆ ತಲುಪಿದ್ದು 1950ರಲ್ಲಿ. ಬನಾಜಿಯ ಹಕ್ಕು ಕೈಯಿಂದ ಕೈಗೆ ಬಂದು, 1948ರ ಜುಲೈ 30ರ ರಿಜಿಸ್ಟರ್ಡ್ ಕ್ರಯಪತ್ರದ ಮೂಲಕ ಗೋದ್ರೆಜ್ ಅಂಡ್ ಬಾಯ್ಸ್ ಕಂಪೆನಿಗೆ ಸೇರಿತು. ಕ್ರಯಪತ್ರ ಆಯಿತಲ್ಲ, ಇನ್ನೇನು ಎಂದು ನಾವಾದರೆ ಪಾಯಸ ಮಾಡಿ ಉಣ್ಣುತ್ತಿದ್ದೆವು.

ಮೂರೇ ವರ್ಷ. 1951ರಲ್ಲಿ ಮುಂಬಯಿ ಸರ್ಕಾರ ಸಾಷ್ಟಿಯ ಈ ಎಸ್ಟೇಟುಗಳ ಮೇಲೆ ಒಂದು ಕಾಯ್ದೆ ತಂದಿತು. ಎಸ್ಟೇಟುದಾರರಿಗಿದ್ದ ಕಂದಾಯ ವಿನಾಯಿತಿ ರದ್ದು. ಅಷ್ಟೇ ಅಲ್ಲ, ಎಸ್ಟೇಟಿನೊಳಗಿನ ಬಂಜರು ಜಾಗ, ಕೌಲಿನ ಪ್ರಕಾರ ಎಸ್ಟೇಟುದಾರನದಲ್ಲದಿದ್ದರೆ ಸರ್ಕಾರಕ್ಕೆ. ಅವನದೇ ಆಗಿದ್ದರೂ 1951ರ ಆಗಸ್ಟ್ 14ರ ಮೊದಲು ಅದನ್ನು ಬಳಕೆಗೆ ತಂದಿರದಿದ್ದರೆ ಅದೂ ಸರ್ಕಾರಕ್ಕೆ. ನೂರು ವರ್ಷದ ಹಿಂದಿನ ಕಾಗದದಲ್ಲಿ ಗುಮಾಸ್ತನೊಬ್ಬ ‘ಬಂಜರು’ ಎಂದು ಬರೆದ ಒಂದು ಮಾತು ಈಗ ನೂರಾರು ಎಕರೆಗಳ ಹಣೆಬರಹವಾಯಿತು. ಗೋದ್ರೆಜ್ 1953ರಲ್ಲಿ ಹೈಕೋರ್ಟಿಗೆ ಹೋಯಿತು. ಒಂಬತ್ತು ವರ್ಷ ನಡೆದು, 1962ರ ಜನವರಿಯಲ್ಲಿ ಎರಡೂ ಕಡೆಯವರ ಒಪ್ಪಿಗೆಯ ಮೇಲೆ ಡಿಕ್ರಿಯಾಯಿತು: ಅಲ್ಪಸ್ವಲ್ಪ ಬಿಟ್ಟು ಉಳಿದದ್ದು ಕಂಪೆನಿಯದು.

ಹಾಗಾಗಿ ಈಗ ಕಪಾಟಿನಲ್ಲಿ ಮೂರು ಕಾಗದ. ಕೌಲು, ಕ್ರಯಪತ್ರ, ಡಿಕ್ರಿ. ಇದರ ಮೇಲೆ ಸಾಮಾನ್ಯ ದಾಖಲೆಗಳು ಬೇರೆ. ಮುಂಬಯಿಗೆ ಹೊಸತಾಗಿ ಬಂದವರು ಕಂಗಾಲಾಗುವುದು ಇಲ್ಲೇ, ಸ್ವಲ್ಪ ನಿಂತು ಹೇಳುತ್ತೇನೆ.

ನಮ್ಮ ಪಹಣಿಗೆ ಇಲ್ಲಿ ಸಾತ್‌ಬಾರಾ ಎಂದು ಹೆಸರು. ತಲಾಠಿ ಇಡುವ ಗ್ರಾಮ ನಮೂನೆಗಳಲ್ಲಿ ಏಳನೆಯದು ಹಕ್ಕಿನದು, ಹನ್ನೆರಡನೆಯದು ಬೆಳೆಯದು. ಎರಡೂ ಒಂದೇ ಹಾಳೆಯಲ್ಲಿ ಬರುವುದರಿಂದ ಏಳು-ಹನ್ನೆರಡು. ಧಾರವಾಡ, ಬೆಳಗಾವಿಯ ಹಿರಿಯರಿಗೆ ತಲಾಠಿ ಹೊಸಬನಲ್ಲ, ಅವರದ್ದೂ ಒಂದು ಕಾಲಕ್ಕೆ ಇದೇ ಇಲಾಖೆ. ಹಕ್ಕು ಬದಲಾದಾಗ ಬರೆಯುವ ಆರನೆಯ ನಮೂನೆ ಫೇರ್‌ಫಾರ್, ನಾವು ಮ್ಯುಟೇಶನ್ ಎನ್ನುವುದು. ಸಾತ್‌ಬಾರಾದಲ್ಲಿ ಹಿಡುವಳಿದಾರನ ಹೆಸರಿನ ಪಕ್ಕ ವರ್ಗ ಒಂದೋ ಎರಡೋ ಎಂದಿರುತ್ತದೆ. ಎರಡಾಗಿದ್ದರೆ ಕಲೆಕ್ಟರ ಅಪ್ಪಣೆಯಿಲ್ಲದೆ ಮಾರುವ ಹಾಗಿಲ್ಲ. ‘ಇತರ ಹಕ್ಕು’ ಎಂಬ ಕಾಲಮು ಮೇಲುನೋಟಕ್ಕೆ ಖಾಲಿಯಂತೆ ಕಾಣುತ್ತದೆ. ಗೇಣಿ, ಸಾಲ, ತಡೆಯಾಜ್ಞೆ, ‘ವನ’ ಎಂಬ ಒಂದೇ ಪದ, ಎಲ್ಲ ಅಡಗಿ ಕೂರುವ ಜಾಗ ಅದೇ.

ಹೊಲ ಹೋಗಿ ಊರಾದಲ್ಲಿ ಸಿಟಿ ಸರ್ವೆ ಬರುತ್ತದೆ. ಆಗ ಸರ್ವೆ ನಂಬರಿನ ಬದಲು ಸಿಟಿಎಸ್ ನಂಬರು, ಸಾತ್‌ಬಾರಾದ ಬದಲು ಪ್ರಾಪರ್ಟಿ ಕಾರ್ಡು. ಬದಲು ಎಂದೆ, ಆದರೆ ಉಪನಗರದಲ್ಲಿ ಎಷ್ಟೋ ಕಡೆ ಹಳೆಯದು ಸಾಯದೆ ಹೊಸದು ಹುಟ್ಟಿ ಎರಡೂ ಬದುಕಿವೆ, ಎರಡರಲ್ಲೂ ಕ್ಷೇತ್ರಫಲ ಬೇರೆ ಬೇರೆ. ಹಳೆ ನಗರಕ್ಕೆ ಹೋದರೆ ಅದೇ ಇನ್ನೊಂದು ಲೋಕ. ಅಲ್ಲಿ ಸಿಎಸ್ ನಂಬರು. ಅದರ ಬುಡ 1865ರಿಂದ 1872ರವರೆಗೆ ಲಾಟನ್ ಎಂಬ ಸೇನಾಧಿಕಾರಿ ನಡೆಸಿದ ಅಳತೆ. ಅಲ್ಲಿಯ ಹಕ್ಕುಗಳ ಹೆಸರು ಕೇಳಿ: ಫಜಂದಾರಿ, ಫೋರಸ್, ಟೋಕಾ, ಇನಾಮು. ಫೋರಸ್ ಎಂದರೆ ನೀರು ನಿಲ್ಲುವ ಉಪ್ಪುನೆಲವನ್ನು ಒಣಗಿಸಿ ಸಾಗುವಳಿ ಮಾಡುವವನಿಗೆ ಕಡಿಮೆ ತೀರ್ವೆಯಲ್ಲಿ ಕೊಟ್ಟ ಹಕ್ಕು. ಕಾಮಾಟಿಪುರದ ಪಕ್ಕದ ಫೋರಸ್ ರೋಡಿನ ಹೆಸರು ಬಂದದ್ದು ಅದರಿಂದ. ಆ ರಸ್ತೆಯ ಹೆಸರು ಕೇಳಿ ಮುಸಿಮುಸಿ ನಗುವವರಿಗೆ ಅದು ಒಂದು ಕಂದಾಯದ ಪದ ಎಂದು ಹೇಳಿದರೆ ನಂಬುವುದಿಲ್ಲ.

ಕ್ರಯಪತ್ರ ನೋಂದಾಯಿಸುವುದು ಮತ್ತೊಂದು ಕಚೇರಿ. ಅಲ್ಲಿ ಆಸ್ತಿವಾರು ಸೂಚಿಗೆ ಇಂಡೆಕ್ಸ್ ಟೂ ಎನ್ನುತ್ತಾರೆ. ಯಾರು, ಯಾರಿಗೆ, ಎಷ್ಟಕ್ಕೆ ಎಂದು ಒಂದೇ ಪುಟದಲ್ಲಿ. ನಮ್ಮ ಬ್ರೋಕರ್‌ಗಳಿಗೆ ಅದು ಬೆಳಗಿನ ಪತ್ರಿಕೆಯ ಹಾಗೆ. ಆಸ್ತಿ ತೆರಿಗೆಯ ಪುಸ್ತಕ ಪಾಲಿಕೆಯಲ್ಲಿ, ಕಂಪೆನಿಗಳು ಇಟ್ಟ ಅಡಮಾನದ ವಿವರ ಕಂಪೆನಿ ರಿಜಿಸ್ಟ್ರಾರನಲ್ಲಿ. ಪ್ರತಿಯೊಂದು ಕಚೇರಿಯೂ ತನ್ನ ಪುಸ್ತಕಕ್ಕೆ ಮಾತ್ರ ಜವಾಬ್ದಾರ. ಮಹಾರಾಷ್ಟ್ರದ ಕಂದಾಯ ಸಂಹಿತೆ, ಹಕ್ಕುದಾಖಲೆಯ ನಮೂದು ಸುಳ್ಳೆಂದು ತೋರಿಸುವ ತನಕ ನಿಜವೆಂದು ಭಾವಿಸಬೇಕು ಎನ್ನುತ್ತದೆ. ಕೋರ್ಟುಗಳೋ ಮ್ಯುಟೇಶನ್ನಿನಿಂದ ಒಡೆತನ ಹುಟ್ಟುವುದಿಲ್ಲ, ಅದು ತೀರ್ವೆ ಯಾರಿಂದ ವಸೂಲು ಮಾಡಬೇಕೆಂಬ ಲೆಕ್ಕ ಮಾತ್ರ ಎಂದು ಮತ್ತೆಮತ್ತೆ ಹೇಳಿವೆ. ‘ಈ ಜಾಗ ಇವರದೇ’ ಎಂದು ಸರ್ಕಾರ ಖಾತ್ರಿಕೊಟ್ಟು ಬರೆದ ಒಂದೇ ಒಂದು ಕಾಗದ ಈ ದೇಶದಲ್ಲಿ ಇಲ್ಲ. ಇರುವುದೆಲ್ಲ ‘ಇವರದು ಎಂದು ತೋರುತ್ತದೆ’ ಎಂಬ ಕಾಗದ. ಮೂವತ್ತು ವರ್ಷದ ಹಿಂದಿನವರೆಗೆ ಹುಡುಕಿಸಿ, ಪತ್ರಿಕೆಯಲ್ಲಿ ‘ಯಾರದಾದರೂ ತಕರಾರು ಇದ್ದರೆ 14 ದಿನದೊಳಗೆ ತಿಳಿಸಿ’ ಎಂದು ನೋಟೀಸು ಹಾಕಿಸಿ, ವಕೀಲರು ಕೊಡುವ ಟೈಟಲ್ ಸರ್ಟಿಫಿಕೇಟೂ ಅಭಿಪ್ರಾಯವೇ. ಆ ಅಭಿಪ್ರಾಯಕ್ಕೆ ಫೀಸು ಮಾತ್ರ ಖಾತ್ರಿ.

ಮೂವತ್ತು ವರ್ಷ ಸಾಲದು ಎಂಬುದಕ್ಕೆ ವಿಕ್ರೋಲಿಯೇ ಸಾಕ್ಷಿ.

1956ರಲ್ಲಿ, ಅಂದರೆ ಆ ಡಿಕ್ರಿಗೂ ಮೊದಲು, ಮುಂಬಯಿ ಸರ್ಕಾರದ ಗೆಜೆಟಿನಲ್ಲಿ ವಿಕ್ರೋಲಿಯ ಕೆಲವು ಸರ್ವೆ ನಂಬರುಗಳ ಬಗ್ಗೆ ಅರಣ್ಯ ಇಲಾಖೆಯ ಒಂದು ನೋಟೀಸು ಬಂದಿತ್ತು. 1927ರ ಅರಣ್ಯ ಕಾಯ್ದೆಯ 35ನೇ ಕಲಮಿನ ಅಡಿಯಲ್ಲಿ ಖಾಸಗಿ ಕಾಡಿನ ಮರ ಕಡಿಯದಂತೆ ನಿರ್ಬಂಧ ಹಾಕಬಹುದು. ಆದರೆ ಅದಕ್ಕೆ ಮೊದಲು ‘ಯಾಕೆ ಹಾಕಬಾರದು ಹೇಳಿ’ ಎಂದು ಮಾಲೀಕನಿಗೆ ಕಾರಣ ಕೇಳುವ ನೋಟೀಸು ಕೊಡಬೇಕು, ಅವನ ಮಾತು ಕೇಳಬೇಕು, ಆಮೇಲೆ ಆದೇಶ. ವಿಕ್ರೋಲಿಯ ಈ ಸರ್ವೆ ನಂಬರುಗಳ ಮಟ್ಟಿಗೆ ಆದದ್ದು ನೋಟೀಸು ಮಾತ್ರ. ಅದು ತನಗೆ ತಲುಪಲೇ ಇಲ್ಲ ಎಂದು ಕಂಪೆನಿ ಹೇಳಿತು. ತಲುಪಿಸಿದ್ದಕ್ಕೆ ಸರ್ಕಾರದ ಹತ್ತಿರ ಪುರಾವೆ ಇರಲಿಲ್ಲ. ವಿಚಾರಣೆ ಇಲ್ಲ, ಆದೇಶವೂ ಇಲ್ಲ. ಕಡತ ಮಲಗಿತು. ಅಷ್ಟಕ್ಕೂ ಆ ನಂಬರುಗಳ 133 ಎಕರೆ 38 ಗುಂಟೆ ಕಂದಾಯದ ಲೆಕ್ಕದಲ್ಲಿ ಇದ್ದದ್ದು ಖರಾಬು ಎಂದು. ನಮ್ಮ ಪಹಣಿಯಲ್ಲಿ ಬರುವ ಅದೇ ಖರಾಬು, ಉಳಲು ಬಾರದ ನೆಲ.

1975ರ ಆಗಸ್ಟ್ 30ರಂದು ಮಹಾರಾಷ್ಟ್ರದ ಖಾಸಗಿ ಅರಣ್ಯ ಸ್ವಾಧೀನ ಕಾಯ್ದೆ ಜಾರಿಗೆ ಬಂತು. ಆ ದಿನದಿಂದ ರಾಜ್ಯದ ಎಲ್ಲ ಖಾಸಗಿ ಕಾಡು ತನ್ನಿಂದ ತಾನೇ ಸರ್ಕಾರಕ್ಕೆ ಸೇರುತ್ತದೆ. ಖಾಸಗಿ ಕಾಡು ಎಂದರೆ ಯಾವುದು ಎಂಬ ವ್ಯಾಖ್ಯೆಯಲ್ಲಿ ಒಂದು ಉಪವಾಕ್ಯವಿತ್ತು: 35ನೇ ಕಲಮಿನ ನೋಟೀಸು ಹೊರಡಿಸಲಾದ ಜಾಗವೂ ಕಾಡೇ. ಅಂದರೆ ಕಾಡಿದೆಯೋ ಇಲ್ಲವೋ ಎಂದು ನೆಲಕ್ಕೆ ಹೋಗಿ ನೋಡಬೇಕಾಗಿಲ್ಲ, ಗೆಜೆಟ್ ನೋಡಿದರೆ ಸಾಕು.

ವಿಚಿತ್ರವೆಂದರೆ ಸರ್ಕಾರವೂ ಗೆಜೆಟ್ ನೋಡಲಿಲ್ಲ. 1975ರ ನಂತರವೂ ಅದೇ ಸರ್ಕಾರ, ಅದೇ ಪಾಲಿಕೆ ಇದೇ ಜಾಗಗಳಲ್ಲಿ ಮನೆ ಕಟ್ಟಲು ಅನುಮತಿ ಕೊಡುತ್ತಾ ಹೋದವು. ನಗರ ಭೂಮಿತಿ ಕಾಯ್ದೆಯ ವಿನಾಯಿತಿ, ನಕ್ಷೆ, ವಾಸಯೋಗ್ಯ ಪತ್ರ, ಎಲ್ಲ. ಗೋದ್ರೆಜ್ ತನ್ನ ನೌಕರರಿಗೆ ಹತ್ತಾರು ಕಟ್ಟಡ ಕಟ್ಟಿತು. ಅದೇ ಬಗೆಯ ನೋಟೀಸು ಬಿದ್ದಿದ್ದ ನಾಹೂರ್, ಭಾಂಡುಪ್, ಮುಲುಂಡ್‌ನ ಜಾಗಗಳಲ್ಲಿ ಬಿಲ್ಡರ್‌ಗಳು ದೊಡ್ಡ ದೊಡ್ಡ ಸಂಕೀರ್ಣ ಎಬ್ಬಿಸಿದರು. ಪಗಾರದಲ್ಲಿ ಉಳಿಸಿ, ಬ್ಯಾಂಕಿನ ಸಾಲ ಎತ್ತಿ ಫ್ಲಾಟ್ ಕೊಂಡವರಲ್ಲಿ ಮರಾಠಿಗರು, ಗುಜರಾತಿಗಳು, ನಮ್ಮವರು ಎಲ್ಲ ಇದ್ದರು. ನಮ್ಮ ಎಷ್ಟೋ ಹೋಟೆಲಿನವರು, ಬ್ಯಾಂಕಿನವರು ದಾದರ್, ಮಾಟುಂಗದ ಪಾಗಡಿ ಖೋಲಿ ಬಿಟ್ಟು ಸ್ವಂತದ ಮನೆಗೆ ಹೋದದ್ದು ಮುಲುಂಡಿಗೇ ತಾನೆ.

ಐವತ್ತು ವರ್ಷ ಮಲಗಿದ್ದ ಕಡತವನ್ನು ಈ ಶತಮಾನದ ಆರಂಭದಲ್ಲಿ ಯಾರೋ ತಟ್ಟಿ ಎಬ್ಬಿಸಿದರು. ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಕಾಡು ಕರಗುತ್ತಿದೆ ಎಂದು ಪರಿಸರದವರು ಕೋರ್ಟಿಗೆ ಹೋಗಿದ್ದರು; ಅವರ ಕಾಳಜಿಯಲ್ಲಿ ತಪ್ಪಿರಲಿಲ್ಲ. ಹಳೆಯ ನೋಟೀಸುಗಳ ಪಟ್ಟಿ ಹೊರಬಂತು. ಸಾತ್‌ಬಾರಾದಲ್ಲಿ ‘ಖಾಸಗಿ ವನ’ ಎಂಬ ನಮೂದು ಬಿತ್ತು. ಇಷ್ಟೇ ಸಾಕಾಯಿತು: ಕೆಲಸ ನಿಲ್ಲಿಸಿ ಎಂಬ ನೋಟೀಸು, ಫ್ಲಾಟ್ ಮಾರುವುದಕ್ಕಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಗೋದ್ರೆಜ್‌ಗೆ ಬಿಸಿ ತಟ್ಟಿದ್ದು 2006ರಲ್ಲಿ. ಎರಡು ವರ್ಷದ ನಂತರ, 2008ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಸರ್ಕಾರದ ವಾದವನ್ನೇ ಎತ್ತಿಹಿಡಿಯಿತು. ಲಕ್ಷಾಂತರ ಜನ ಒಂದು ಬೆಳಗ್ಗೆ ಎದ್ದು ನೋಡಿದರೆ ತಾವು ಇರುವುದು ಏಳನೇ ಮಾಳಿಗೆಯಲ್ಲಲ್ಲ, ಕಾಡಿನಲ್ಲಿ.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2014ರ ಜನವರಿ 30ರಂದು. ನ್ಯಾಯಮೂರ್ತಿಗಳಾದ ಲೋಧಾ, ಮದನ್ ಲೋಕೂರ್, ಕುರಿಯನ್ ಜೋಸೆಫ್ ಅವರ ಪೀಠ ಹೈಕೋರ್ಟಿನ ತೀರ್ಪನ್ನು ಬದಿಗಿಟ್ಟಿತು. ನೋಟೀಸು ಹೊರಡಿಸುವುದೆಂದರೆ ಗೆಜೆಟಿನಲ್ಲಿ ಅಚ್ಚು ಹಾಕುವುದಲ್ಲ, ಸಂಬಂಧಪಟ್ಟವರ ಕೈಗೆ ಮುಟ್ಟಿಸುವುದು. ಅವರು ಉತ್ತರ ಕೊಡಬೇಕೆಂದೇ ಕಾನೂನು ಅದನ್ನು ಇಟ್ಟಿದೆ. ಮುಟ್ಟಿಸದ, ಮುಂದುವರಿಸದೆ ಬಿಟ್ಟ ನೋಟೀಸು 1975ರಲ್ಲಿ ಜೀವಂತವಿತ್ತೆಂದು ಹೇಳಲಾಗದು. ಕೊಂಡವನೇ ಎಚ್ಚರ ವಹಿಸಬೇಕಿತ್ತು ಎಂಬ ಹಳೆಯ ವಾದವನ್ನೂ ಕೋರ್ಟು ಒಪ್ಪಲಿಲ್ಲ. ಎಲ್ಲ ಇಲಾಖೆಗಳ ಅನುಮತಿ ನೋಡಿ ಮನೆ ಕೊಂಡವನು ಇನ್ನೆಷ್ಟು ಎಚ್ಚರ ವಹಿಸಬೇಕು?

ನನಗೆ ಇಲ್ಲಿ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಈ ತೀರ್ಪಿನ ಶೀರ್ಷಿಕೆಯಲ್ಲಿ ಗೋದ್ರೆಜ್ ಹೆಸರಿದೆ, ಹೋರಾಟದ ಮುಂಚೂಣಿಯಲ್ಲಿ ದೊಡ್ಡ ಬಿಲ್ಡರ್‌ಗಳಿದ್ದರು, ಅವರ ವಕೀಲರ ಒಂದು ದಿನದ ಫೀಸಿನಲ್ಲಿ ನಮ್ಮ ಊರಿನಲ್ಲಿ ಒಂದು ಮನೆ ಕಟ್ಟಬಹುದು. 1835ರ ಕೌಲನ್ನು ಹುಡುಕಿ ತೆಗೆದು ಕೋರ್ಟಿನ ಮುಂದಿಡಲು ದಫ್ತರ ಬೇಕು, ದಫ್ತರ ಇಡಲು ತಲೆಮಾರುಗಳ ಪುರುಸೊತ್ತು ಬೇಕು. ಆ ಫ್ಲಾಟಿನವರು ತಾವಾಗಿ ಹೋರಾಡಿದ್ದರೆ ಏನಾಗುತ್ತಿತ್ತೆಂದು ನನಗೆ ಅನುಮಾನವಿದೆ. ದೊಡ್ಡವರ ಆಸ್ತಿಯ ನೆರಳಿನಲ್ಲಿ ಸಣ್ಣವರದ್ದೂ ಉಳಿಯಿತು.

ಸರಿ, ಕಾಡಲ್ಲ ಎಂದಾಯಿತು. ಹಾಗಾದರೆ 3,400 ಎಕರೆಯೂ ಬಳಸಬಹುದಾದ ನೆಲವೇ? ಅದೂ ಇಲ್ಲ. ಸುಮಾರು 1,750 ಎಕರೆ ಕಾಂಡ್ಲಾ, ಸುಮಾರು 300 ಎಕರೆ ಒತ್ತುವರಿ, ಕಟ್ಟಲು ಬರುವುದು ಸುಮಾರು 1,000 ಎಕರೆ ಎಂದು ಪತ್ರಿಕೆಗಳಲ್ಲಿ ಬಂದ ಅಂದಾಜು. ಕಾಂಡ್ಲಾವನ್ನು ಕಡಿಯುವ ಹಾಗಿಲ್ಲ. 1991ರ ಕರಾವಳಿ ನಿಯಮ, 2005ರ ಹೈಕೋರ್ಟ್ ಆದೇಶ ಎರಡೂ ಅಡ್ಡ ಇವೆ. ಅದಕ್ಕೂ ಮೊದಲೇ, 1980ರ ದಶಕದಿಂದಲೇ ಈ ಮನೆತನ ತನ್ನ ಟ್ರಸ್ಟಿನ ಮೂಲಕ ಅದನ್ನು ಕಾಪಾಡುತ್ತ ಬಂದಿದೆ ಎಂಬುದನ್ನೂ ಹೇಳಬೇಕು. ಪ್ರಾಪರ್ಟಿ ಕಾರ್ಡಿನಲ್ಲಿ ಮಾತ್ರ ಏಡಿ ಓಡಾಡುವ ಕೆಸರಿನ ಒಂದು ಚದರ ಮೀಟರಿಗೂ ಹೈವೇ ಪಕ್ಕದ ಒಂದು ಚದರ ಮೀಟರಿಗೂ ಒಂದೇ ಅಂಕಿ.

ಬೆಲೆಯ ಮಾತು ಬಂದದ್ದು ಬುಲೆಟ್ ಟ್ರೇನಿನಿಂದ. ಮುಂಬಯಿ-ಅಹಮದಾಬಾದ್ ಮಾರ್ಗ ಒಟ್ಟು 508 ಕಿಲೋಮೀಟರು, ಅದರಲ್ಲಿ 21 ಕಿಲೋಮೀಟರು ಸುರಂಗ. ಸುರಂಗಕ್ಕಾಗಿ ವಿಕ್ರೋಲಿಯಲ್ಲಿ 39,252 ಚದರ ಮೀಟರ್, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ ಜಾಗ ಬೇಕಾಯಿತು. 2022ರ ಸೆಪ್ಟೆಂಬರ್ 15ರಂದು ಸರ್ಕಾರ 264 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತು. ಮೊದಲು 572 ಕೋಟಿ ಎಂದು ಲೆಕ್ಕ ಹಾಕಿದ್ದರಲ್ಲ ಎಂದು ಕಂಪೆನಿ ಹೈಕೋರ್ಟಿಗೆ ಹೋಯಿತು. ಯೋಜನೆ ಸಾರ್ವಜನಿಕ ಹಿತದ್ದು ಎಂದು 2023ರ ಫೆಬ್ರುವರಿ 9ರಂದು ಹೈಕೋರ್ಟ್ ಅರ್ಜಿ ವಜಾ ಮಾಡಿತು, ಎರಡು ವಾರದಲ್ಲಿ ಸುಪ್ರೀಂ ಕೋರ್ಟೂ ತಡೆಯಲು ಒಪ್ಪಲಿಲ್ಲ. ಹೈವೇಗೆ ಜಾಗ ಕೊಟ್ಟು ಪರಿಹಾರಕ್ಕೆ ಓಡಾಡುತ್ತಿರುವ ನಮ್ಮ ಪಡುಬಿದ್ರಿ, ಸುರತ್ಕಲ್ ಕಡೆಯವರಿಗೆ ಈ ಕತೆ ಕೇಳಿ ಸಮಾಧಾನವಾದರೂ ಆಗಬಹುದು.

ಇನ್ನು ಪಾಲಿನ ವಿಷಯ. 2024ರ ಏಪ್ರಿಲ್ 30ರಂದು ಗೋದ್ರೆಜ್ ಮನೆತನ ಎರಡಾಯಿತು. ಆದಿ ಮತ್ತು ನಾದಿರ್ ಗೋದ್ರೆಜ್ ಸಹೋದರರಿಗೆ ಶೇರುಪೇಟೆಯಲ್ಲಿರುವ ಕಂಪೆನಿಗಳು. ಅವರ ಚಿಕ್ಕಪ್ಪನ ಮಕ್ಕಳಾದ ಜಮ್‌ಷೆಡ್ ಗೋದ್ರೆಜ್ ಮತ್ತು ಸ್ಮಿತಾ ಕೃಷ್ಣಾ ಅವರಿಗೆ ಗೋದ್ರೆಜ್ ಅಂಡ್ ಬಾಯ್ಸ್, ಅದರ ಜೊತೆ ಮುಂಬಯಿಯ ಜಮೀನು. ಜಮೀನಿನಲ್ಲಿ ಕಟ್ಟಡ ಎಬ್ಬಿಸುವ ಕಂಪೆನಿ ಒಬ್ಬರ ಪಾಲಿಗೆ, ಜಮೀನು ಇನ್ನೊಬ್ಬರ ಪಾಲಿಗೆ. ಮೊದಲಿನ ಒಪ್ಪಂದ ಮುಂದುವರಿಯುವುದೆಂದು ಹೇಳಿದರು. ಬೀದಿಯಲ್ಲಿ ಕೂಗಾಟವಿಲ್ಲ, ಪಂಚಾಯಿತಿಕೆಯಿಲ್ಲ. ಪಾರ್ಸಿಗಳ ಈ ಶಾಂತಸ್ವಭಾವ ಕಂಡರೆ ನನಗೆ ಯಾವತ್ತೂ ಸ್ವಲ್ಪ ಹೊಟ್ಟೆಕಿಚ್ಚು.

ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರೆ ಸರ್ವೆಯವನು ಸರಪಳಿ ಹಿಡಿದು ಬರುತ್ತಾನೆ, ಹಿಸ್ಸಾ ನಂಬರು ಹುಟ್ಟುತ್ತದೆ, ಬಾವಿಯ ನೀರಿಗೆ, ಕಾಲುದಾರಿಗೆ, ಹಲಸಿನ ಮರದ ಕೊಂಬೆಗೆ ಷರತ್ತು ಬರೆಯುತ್ತಾರೆ. ಪಾಲುಪಟ್ಟಿಯನ್ನು ಓದಿದರೆ ಆ ಮನೆಯ ಮನಸ್ತಾಪವೆಲ್ಲ ಗೊತ್ತಾಗುತ್ತದೆ. ಇಲ್ಲಿ ಈ ಜಮೀನು ಇಡಿಯಾಗಿ ಒಂದು ಕಡೆ ಹೋದರೂ ವಿಕ್ರೋಲಿಯ ಪ್ರಾಪರ್ಟಿ ಕಾರ್ಡಿನಲ್ಲಿ ಹೆಸರು ಬದಲಿಸುವ ಅಗತ್ಯವೇ ಇಲ್ಲ. ಯಾಕೆಂದರೆ ಅಲ್ಲಿ ಮನೆತನದ ಯಾರ ಹೆಸರೂ ಇಲ್ಲ. ಇರುವುದು ಕಂಪೆನಿಯ ಹೆಸರು. ಬದಲಾದದ್ದು ಆ ಕಂಪೆನಿಯ ಶೇರು ಯಾರ ಕೈಯಲ್ಲಿ ಎಂಬುದು. ಮುಂಬಯಿಯಲ್ಲಿ ನೆಲ ಕೈ ಬದಲಾದರೆ ನೂರು ರೂಪಾಯಿಗೆ ಆರು ರೂಪಾಯಿ ಮುದ್ರಾಂಕ ಶುಲ್ಕ. ಶೇರು ಕೈ ಬದಲಾದರೆ ನೂರು ರೂಪಾಯಿಗೆ ಒಂದೂವರೆ ಪೈಸೆ. ಇದರಲ್ಲಿ ಕಳ್ಳತನವೇನೂ ಇಲ್ಲ, ಕಾನೂನೇ ಹಾಗಿದೆ. ಕಂಪೆನಿ ಸಾಯುವುದಿಲ್ಲವಾದ್ದರಿಂದ ಅದರ ಹೆಸರಿನ ಆಸ್ತಿಗೆ ವಾರಸಾ ಖಾತೆ ಎಂಬ ತಲೆನೋವೂ ಇಲ್ಲ. ಅಲ್ಟಾಮೌಂಟ್ ರಸ್ತೆಯ ಆ ಇಪ್ಪತ್ತೇಳು ಮಾಳಿಗೆಯ ಮನೆಯನ್ನೇ ತೆಗೆದುಕೊಳ್ಳಿ. ಅನಾಥಾಲಯದ ಟ್ರಸ್ಟೊಂದರ ಆ ಜಾಗವನ್ನು 2002ರಲ್ಲಿ 21 ಕೋಟಿ ಚಿಲ್ಲರೆಗೆ ಕೊಂಡದ್ದು ಆಂಟಿಲಿಯಾ ಕಮರ್ಷಿಯಲ್ ಎಂಬ ಕಂಪೆನಿ. ಅದು ವಕ್ಫ್ ಆಸ್ತಿಯೇ ಅಲ್ಲವೇ ಎಂಬ ವ್ಯಾಜ್ಯ ಬೇರೆ ನಡೆಯಿತು. ಮನೆಯಲ್ಲಿ ಇರುವವರ ಹೆಸರು ಇಡೀ ದೇಶಕ್ಕೆ ಗೊತ್ತು, ಕೊಂಡವರ ಹೆಸರು ಕೇಳಿದರೆ ಕಂಪೆನಿ.

ಆದ್ದರಿಂದ ದೊಡ್ಡ ಮನೆತನದ ಆಸ್ತಿಯನ್ನು ತಿಳಿಯಬೇಕೆಂದು ತಹಸೀಲ್ದಾರರ ಕಚೇರಿಗೆ ಹೋದವನಿಗೆ ಅರ್ಧ ಕತೆಯೂ ಸಿಗುವುದಿಲ್ಲ. ಕಂಪೆನಿ ರಿಜಿಸ್ಟ್ರಾರನಲ್ಲಿ ಶೇರುದಾರರ ಪಟ್ಟಿ ನೋಡಬೇಕು, ಆ ಪಟ್ಟಿಯಲ್ಲಿ ಇನ್ನೊಂದು ಕಂಪೆನಿ ಇದ್ದರೆ ಅದರ ಪಟ್ಟಿ ನೋಡಬೇಕು, ಟ್ರಸ್ಟು ಬಂತೆಂದರೆ ಅಲ್ಲಿಗೆ ಬಾಗಿಲು ಮುಚ್ಚಿತು. ಕಂದಾಯದ ದಾಖಲೆ ಮಾಡಿದ್ದು ಒಬ್ಬ ಮನುಷ್ಯ, ಒಂದು ತುಂಡು ನೆಲ, ಒಂದಷ್ಟು ತೀರ್ವೆ ಎಂಬ ಕಾಲಕ್ಕೆ. ಬನಾಜಿಯ ಕೌಲಿನಲ್ಲಿ ಬನಾಜಿಯ ಹೆಸರಿತ್ತು.

ನಮ್ಮ ಸೊಸೈಟಿಯ ಪ್ರಾಪರ್ಟಿ ಕಾರ್ಡಿನಲ್ಲಿ ಮಾತ್ರ ಮನುಷ್ಯರ ಹೆಸರೇ ಇದೆ, ಆದರೆ ಅವರು ಯಾರೂ ಬದುಕಿಲ್ಲ. ಪಶ್ಚಿಮ ಉಪನಗರದ ನಾಲ್ಕು ಮಾಳಿಗೆಯ ಹಳೆಯ ಕಟ್ಟಡ ನಮ್ಮದು. 1963ರ ಕಾನೂನಿನ ಪ್ರಕಾರ ಸೊಸೈಟಿ ಆದ ನಾಲ್ಕು ತಿಂಗಳೊಳಗೆ ಬಿಲ್ಡರ್ ಜಾಗವನ್ನು ಸೊಸೈಟಿಗೆ ಬರೆದುಕೊಡಬೇಕು. ಕೊಟ್ಟಿಲ್ಲ. ಅವನಿಗೆ ಜಾಗ ಬಂದದ್ದು ಯಾವುದೋ ಹಳೆಯ ಎಸ್ಟೇಟಿನವರಿಂದ ಗೇಣಿಗೆ. ಧಾರಕರ ಕಾಲಮಿನಲ್ಲಿ ಆ ಎಸ್ಟೇಟಿನ ಮೂವರು ಟ್ರಸ್ಟಿಗಳ ಹೆಸರು, ಇಬ್ಬರ ಮುಂದೆ ‘ಮಯತ’, ಅಂದರೆ ತೀರಿಹೋದವರು ಎಂದು ಸಿಟಿ ಸರ್ವೆ ಗುಮಾಸ್ತನ ಕೈಬರಹ. ಮೂರನೆಯವರ ಮುಂದೆ ಬರೆಯುವವರು ಸಿಕ್ಕಿಲ್ಲ ಅಷ್ಟೆ. 2008ರಲ್ಲಿ ಕಾನೂನು ತಿದ್ದಿ, ಬಿಲ್ಡರ್ ಬರೆದುಕೊಡದಿದ್ದರೂ ಸೊಸೈಟಿಯೇ ಅರ್ಜಿ ಹಾಕಿ ಡೀಮ್ಡ್ ಕನ್ವೇಯನ್ಸ್ ಪಡೆಯಬಹುದೆಂದು ಮಾಡಿದರು. ಅದಕ್ಕೆ ಬೇಕಾದ ಕಾಗದಗಳ ಪಟ್ಟಿಯನ್ನು ವಕೀಲರು ನಮ್ಮ ಸೆಕ್ರೆಟರಿಯವರ ಕೈಗೆ ಕೊಟ್ಟು ಎರಡು ಮಳೆಗಾಲ ಆಯಿತು.

ಕಳೆದ ಭಾನುವಾರ ಮೀಟಿಂಗಿನಲ್ಲಿ ಕೇಳಿದೆ. ಮೂಲ ಒಪ್ಪಂದ, ಮಂಜೂರಾದ ನಕ್ಷೆ ಎರಡೂ ಸೊಸೈಟಿ ಆಫೀಸಿನ ಗೋದ್ರೆಜಿನಲ್ಲೇ ಇವೆಯಂತೆ. ಬೀಗದ ಕೈ ಹಳೆಯ ಸೆಕ್ರೆಟರಿಯ ಮಗನ ಹತ್ತಿರ ಇದೆ. ಅವನು ಮನೆ ಮಾರಿ ವಿರಾರಿಗೆ ಹೋಗಿದ್ದಾನೆ.